ನಮ್ಮಕ್ಕ ರಿಪೇರಿ ಮಾಡಿದ ಕೊರಿಯಾ ಸಂಸಾರಗಳು

ರವಿವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ಥಳ, ಶಹಾಬಾದಿನ ನಮ್ಮಕ್ಕನ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ಎಪ್ಪತ್ತೊಂದು ದಾಟಿದ ನಮ್ಮಕ್ಕ, ಮತ್ತು ಆಕೆಯ ಮೊಬೈಲಿನೊಳಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ ಒಬ್ಬ ಕೊರಿಯಾದ ಹೆಂಗಸು.

ಕೊರಿಯಾ ದೇಶದಲ್ಲಿ ಒಡೆದ ಸಂಸಾರಗಳಲ್ಲಿ ಅರ್ಧದಷ್ಟನ್ನಾದರೂ ನಮ್ಮಕ್ಕ ಈ ಪಡಸಾಲೆಯಲ್ಲಿ ಕುಳಿತೇ ಕೂಡಿಸಿದ್ದಾಳೆ. ಅಲ್ಲಿಯ ಸರಕಾರಕ್ಕೆ ಸುದ್ದಿ ಇನ್ನೂ ಮುಟ್ಟಿಲ್ಲ, ಅಷ್ಟೆ!

ನಾನು ವಾಡಿ ಜಂಕ್ಷನ್ನಿನಲ್ಲಿ ಗಾಡಿಗಳಿಗೆ ಹಸಿರು ಬಾವುಟ ತೋರಿಸಿ ನಿವೃತ್ತನಾದವನು. ಈಗಲೂ ಐದಕ್ಕೆ ಸ್ನಾನ, ಐದೂವರೆಗೆ ಪೂಜೆ, ಏಳೂವರೆಗೆ ಉಪ್ಪಿಟ್ಟು. ಅಂಥವನು ಉಪ್ಪಿಟ್ಟು ಬಿಟ್ಟು ಓಡಿಬಂದದ್ದಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ತೀರಿಕೊಂಡ ನಮ್ಮ ಭಾವ, ಬದುಕಿದ್ದಾಗ ಚಿತ್ತಾಪುರದಲ್ಲಿ ಇನ್ನೊಂದು ಮನೆ ಮಾಡಿದ್ದ. ಅಲ್ಲಿ ಒಬ್ಬ ಹೆಂಗಸು, ಅವಳಿಗೊಬ್ಬ ಮಗಳು. ಅಕ್ಕನಿಗೆ ಮಕ್ಕಳಿಲ್ಲ. ಆ ಹುಡುಗಿಯನ್ನು ಈಗ ಭಂಕೂರದ ಒಂದು ಮನೆಯವರು ಮೆಚ್ಚಿದ್ದರು. ಅಂದು ಹನ್ನೊಂದಕ್ಕೆ ಯಾದಿ, ಅಂದರೆ ಎರಡೂ ಕಡೆಯ ಹಿರಿಯರು ಕುಳಿತು ಮದುವೆಯ ಮಾತುಕತೆಯನ್ನು ಕಾಗದದಲ್ಲಿ ಬರೆದು ಸಹಿ ಹಾಕುವ ಶಾಸ್ತ್ರ. ಭಂಕೂರದವರದು ಒಂದೇ ಷರತ್ತು: ಹುಡುಗಿಯ ಅಪ್ಪನ ಮನೆಯ ಹಿರಿಯರು ಬಂದು ಕೂಡಬೇಕು. ಇಲ್ಲವಾದರೆ ಅವರು ಎದ್ದು ಹೋಗುವವರು. ಹುಡುಗಿ ತಾನೇ ಅಕ್ಕನಿಗೆ ಫೋನು ಮಾಡಿ ಕರೆದಿದ್ದಳು, ಅಕ್ಕ ಬರುತ್ತೇನೆ ಎಂದಿದ್ದಳು. ಅಕ್ಕ ಹೋಗದಂತೆ ತಡೆಯುವುದು ಆ ದಿನದ ನನ್ನ ಮೊದಲ ಕೆಲಸ.

ಆದರೆ ಅಕ್ಕನ ಸಿನೆಮಾ ಮುಗಿಯದೆ ಯಾವ ವಿಚಾರಣೆಯೂ ಆರಂಭವಾಗುವಂತಿಲ್ಲ. “ಕುಂದ್ರು ತಮ್ಮಾ. ಈಕಿ ಗಂಡ ಓಡಿಹೋಗಲಿಕತ್ತಾನ. ಹೋಗಿ ಮುಟ್ಟಲಿ, ಆಮ್ಯಾಲೆ ಮಾತಾಡೋಣು” ಎಂದಳು.

ಈ ಸಿನೆಮಾಗಳನ್ನು ಅಕ್ಕ ನೋಡುವ ಕ್ರಮವನ್ನು ಹೇಳಲೇಬೇಕು. ಆಕೆಗೆ ಕೊರಿಯಾದ ಮಾತು ಬಾರದು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರವೂ ಬಾರದು. ಇಷ್ಟು ಅರ್ಹತೆ ಸಾಲದೆ? ದಿನಾ ಮಧ್ಯಾಹ್ನ ಎರಡಕ್ಕೆ ಓಣಿಯ ನಾಲ್ಕು ಹೆಂಗಸರನ್ನು ಕೂಡಿಸಿ, ಮೊಬೈಲಿನ ಸದ್ದು ಬಂದ್ ಮಾಡಿ, ಎಲ್ಲರ ಮಾತನ್ನೂ ತಾನೇ ಆಡುತ್ತಾಳೆ! ಹೀಗಾಗಿ ಆ ದೇಶದ ಸೂಟುಬೂಟಿನ ಸಾಹುಕಾರರೆಲ್ಲ ಅಪ್ಪಟ ಶಹಾಬಾದಿನ ಮಾತಿನಲ್ಲಿ ಜಗಳಾಡುತ್ತಾರೆ.

ಒಮ್ಮೆ ಅತ್ತೆಯ ಮಗ, ಮಾವನ ಮಗಳು ಪ್ರೀತಿಸಿದ ಕತೆ ನಡೆದಿತ್ತು. ಆ ಸಿನೆಮಾದಲ್ಲಿ ಅದು ಮಹಾಪಾಪ. ಮನೆಯವರೆಲ್ಲ ತಲೆ ಚಚ್ಚಿಕೊಂಡು ಅಳುತ್ತಿದ್ದರು. ಅವರಿಬ್ಬರ ನಂಟು ಏನೆಂದು ನಾನೇ ಹೇಳಿದರೂ ಅಕ್ಕನಿಗೆ ಆ ಮನೆಯವರ ಸಂಕಟ ತಿಳಿಯಲಿಲ್ಲ.

“ಅಯ್ಯ, ಅತ್ತಿ ಮಗ ಅಂದ್ರ ಹಕ್ಕಿನ ವರ! ಇದಕ್ಕ ಅಳ್ಲಿಕ್ಕ ಏನಾಗ್ಯಾದ ಇವರಿಗಿ? ಅಕ್ಕಿಕಾಳ ಹಾಕಿ ಮುಗಸ್ರಿ ಜಲ್ದಿ!”

ಅಲ್ಲಿಂದ ಮುಂದೆ ಅಕ್ಕನ ಕತೆಯಲ್ಲಿ ಮದುವೆಯ ಸಡಗರ, ಪರದೆಯ ಮೇಲೆ ಸೂತಕ. ಕೊನೆಗೆ ಹುಡುಗ ಹುಡುಗಿ ಕೈ ಹಿಡಿದು ಸಮುದ್ರದೊಳಗೆ ನಡೆದುಹೋದರು. “ನೋಡ್ರಿ, ಲಗ್ನ ಆಗಿ ತೀರ್ಥಕ್ಕ ಹೋದ್ರು” ಎಂದು ಅಕ್ಕ ಚಹಾಕ್ಕೆ ಎದ್ದಳು. ಹೆಂಗಸರು ಸಂತೋಷದಿಂದ ಕಣ್ಣೊರೆಸಿಕೊಂಡರು. ನಾನು ಇಂಗ್ಲಿಷ್ ಓದಿ, ಇಬ್ಬರೂ ಸತ್ತರೆಂದು ತಿಳಿಸಿದೆ. ಅಂದಿನಿಂದ ಎರಡು ಗಂಟೆಯ ಸಭೆಗೆ ನನಗೆ ಪ್ರವೇಶವಿಲ್ಲ!

ಇನ್ನೊಂದು ಸಿನೆಮಾದಲ್ಲಿ ಹೆಂಡತಿಯೊಬ್ಬಳು ದೊಡ್ಡ ಹೋಟೆಲಿನಲ್ಲಿ ಗಂಡನ ಗೆಳತಿಯನ್ನು ಹಿಡಿದಳು. ಹಿಡಿದವಳೇ ಗ್ಲಾಸಿನ ನೀರನ್ನು ಅವಳ ಮುಖಕ್ಕೆ ರಪ್ಪನೆ ಎರಚಿದಳು. ಅಕ್ಕ ಹೆಂಡತಿಯ ಮಾತನ್ನು ಮಮತೆಯಿಂದ ಆಡಿದಳು: “ಬಿಸಲಾಗ ಬಂದೀದಿ ಯವ್ವಾ. ಮಾರಿ ತೊಳಕೋ. ಉಂಡ್ಯೋ ಇಲ್ಲೋ?”

ಬಾಗಿಲಾಚೆಯಿಂದ ಇಣುಕುತ್ತಿದ್ದ ನನಗೆ ತಡೆಯಲಾಗಲಿಲ್ಲ. “ಅಕ್ಕಾ, ಆಕಿ ಬೈಯ್ಲಿಕತ್ತಾಳ! ಮುಂದ ಕುಂತಾಕಿ ಗಂಡನ ಇನ್ನೊಬ್ಬಾಕಿ!”

“ಇರಲಿ ಬಿಡೋ. ಇನ್ನೊಬ್ಬಾಕಿಗಿ ಹಸಿವಿ ಆಗಲ್ಲೇನು?”

ತಪ್ಪು ಮಾಡಿದ ಗಂಡಂದಿರಿಗೆ ಮಾತ್ರ ಅಕ್ಕ ಮಾತಾಡುವ ಅವಕಾಶ ಕೊಡುವುದಿಲ್ಲ. ಗಂಡ ಮೊಣಕಾಲೂರಿ ಕ್ಷಮೆ ಕೇಳಲಿ, ಮಳೆಯಲ್ಲಿ ನೆನೆಯಲಿ, ಎದೆ ಹಿಡಿದುಕೊಂಡು ಬೀಳಲಿ, “ಇಂವ ಏನ ಹೇಳ್ತಾನ ಅನ್ನೋದು ನನಗ ಗೊತ್ತದ” ಎಂದು ಬೆರಳಿನಿಂದ ಮುಂದಕ್ಕೆ ಓಡಿಸುತ್ತಾಳೆ. ಮೂರು ತಾಸಿನ ಸಿನೆಮಾ ಹೀಗೆ ಒಂದೂವರೆ ತಾಸಿಗೆ ಇಳಿಯುತ್ತದೆ. ಸಮಯಪಾಲನೆಯ ದೃಷ್ಟಿಯಿಂದ ಇದೊಂದನ್ನು ನಾನು ಒಪ್ಪುತ್ತೇನೆ.

ಆ ರವಿವಾರದ ಗಂಡ ಎಂಟು ನಲವತ್ತಕ್ಕೆ ಓಡಿಹೋಗಿ ಮುಟ್ಟಿದ. ನಾನು ಕೆಲಸ ಆರಂಭಿಸಿದೆ.

“ಅಕ್ಕಾ, ನೀ ಚಿತ್ತಾಪುರಕ್ಕ ಹೋಗಬಾರ್ದು. ಮಂದಿ ನಗ್ತಾರ.”

“ನಗಲಿ. ಪುಕಟ ಅದ.”

“ಮರ್ಯಾದಿ ಅಂತ ಒಂದು ಇರ್ತದ.”

“ನಿಮ್ಮ ಭಾವ ವಾರಾವಾರಾ ಅಲ್ಲಿ ಹೋಗ್ತಿದ್ದಾಗ ಆ ಮರ್ಯಾದಿ ಎಲ್ಲಿ ಹೋಗಿತ್ತೋ? ವಾಡಿದಾಗ ಅಂವನ ಗಾಡಿಗಿ ಬಾವುಟಾ ತೋರಸಿ ಕಳಸ್ತಿದ್ದಾಂವ ನೀನೇ ಅಲ್ಲೇನು?”

ನಿಜವೇ. ಭಾವ ವಾಡಿಯಲ್ಲಿ ಗಾಡಿ ಬದಲಿಸಿ, ನನಗೊಂದು ಎಲೆಅಡಿಕೆ ಕೊಟ್ಟು ಹೋಗುತ್ತಿದ್ದ. ಆ ಗಾಡಿಯನ್ನು ನಾನು ಒಂದು ನಿಮಿಷವೂ ತಡಮಾಡಿದವನಲ್ಲ! ತಡೆಯುವ ಕೆಲಸವನ್ನು ಅಲ್ಲಿಗೇ ಬಿಟ್ಟು, ಟಂಟಂ ರಿಕ್ಷಾ ಕರೆಯಲು ಎದ್ದೆ.

ಚಿತ್ತಾಪುರ ಮುಟ್ಟಿದಾಗ ಹತ್ತು ಐವತ್ತು. ಎರಡು ಕೋಣೆಯ ಮನೆ. ಭಂಕೂರದ ಆರು ಜನ ಆಗಲೇ ಜಮಖಾನದ ಮೇಲೆ ಕುಳಿತಿದ್ದರು. ಬಾಗಿಲಲ್ಲಿ ನಿಂತಿದ್ದ ಆ ಹೆಂಗಸು ತಲೆ ಎತ್ತಲಿಲ್ಲ. ಹುಡುಗಿ ಗೋಡೆಗೆ ಒರಗಿ ಅಕ್ಕನನ್ನೇ ನೋಡುತ್ತಿದ್ದಳು.

ವರನ ಕಾಕಾ ಕೇಳಿದರು: “ಇವರು ಯಾರಾಗಬೇಕ್ರಿ?”

ಅಕ್ಕ ಸೆರಗು ಸರಿಮಾಡಿಕೊಂಡು ಜಮಖಾನದ ನಟ್ಟನಡುವೆ ಕುಳಿತಳು.

“ನಾ ಹುಡುಗಿ ದೊಡ್ಡವ್ವ. ಆಕಿ ಅಪ್ಪನ ಮನಿಂದ ಬಂದೀನಿ. ಈ ಮನಿದು ಏನ ಕೇಳೋದದ, ನನಗ ಕೇಳ್ರಿ. ಆಕಿಗಿ ಕೇಳಬ್ಯಾಡ್ರಿ.”

ಕಾಕಾ ತಲೆದೂಗಿದರು. “ಆಯ್ತ್ರಿ ಅವ್ವಾರ, ಭಾಳ ಛಲೋ ಆಯ್ತು. ಯಾದಿ ಬರೀಲಿಕ್ಕ ಸೋದರಮಾವ ಬೇಕಲ್ಲ. ಯಾರರ ಅದಾರೇನ್ರಿ?”

ಆ ಹೆಂಗಸಿಗೆ ಒಡಹುಟ್ಟಿದವರಿಲ್ಲ. ಅವಳ ಕೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದದ್ದು ನನಗೆ ಕಂಡಿತು. ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾದರೂ ನೆಪ ಹೇಳುತ್ತಿದ್ದೆನೋ ಏನೋ. ಆಕೆ ಸುಮ್ಮನೆ, ಸ್ವಲ್ಪ ಪಕ್ಕಕ್ಕೆ ಸರಿದು, ಒಬ್ಬರು ಕೂಡುವಷ್ಟು ಜಾಗ ಮಾಡಿದಳು.

ಕಿಸೆಯಿಂದ ಪೆನ್ನು ತೆಗೆದೆ. ಹೋಗಿ ಕುಳಿತೆ.

ಯಾದಿಯನ್ನು ಎರಡು ಪ್ರತಿ ಬರೆಯುವುದು ಪದ್ಧತಿ. ಚಿತ್ತುಕಾಟು ಇಲ್ಲದೆ, ಸಾಲು ಸೊಟ್ಟಾಗದಂತೆ ಎರಡನ್ನೂ ಬರೆದೆ. ಕೊನೆಗೆ ನನ್ನ ಹೆಸರು ಬರೆದು, ಅದರ ಮುಂದೆ ‘ಹುಡುಗಿಯ ಸೋದರಮಾವ’ ಎಂದು ಸೇರಿಸಿ ಸಹಿ ಹಾಕಿದೆ. ಒಂದು ಪ್ರತಿ ಭಂಕೂರದವರ ಕೈಗೆ ಕೊಟ್ಟೆ. ಇನ್ನೊಂದನ್ನು ಮಡಚಿ, ಎದ್ದು ಬಾಗಿಲವರೆಗೆ ಹೋಗಿ, ಆ ಹೆಂಗಸಿನ ಮುಂದೆ ಹಿಡಿದೆ.

“ತೊಗೋ ತಂಗಿ, ಟ್ರಂಕಿನಾಗ ಜ್ವಾಕಿ ಇಡು” ಎಂದೆ. ಆಗ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ಆ ದಿನ ಮತ್ತೇನೂ ಕೆಲಸ ಉಳಿದಿರಲಿಲ್ಲ.