ಒಂದು ಸೋಫಾ, ಎರಡು ಕ್ಯಾಮೆರಾ

ಫೋಟೋ ತೆಗೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಈ ಊರಿನ ಅರ್ಧ ಜನರ ಫೋಟೋ ನಾನೇ ತೆಗೆದಿದ್ದೇನೆ. ಅದೂ ಹೊರಗಿನದ್ದಲ್ಲ, ಒಳಗಿನದ್ದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ಯಂತ್ರದ ಹಿಂದೆ ನಿಂತು ನಾನು ತೆಗೆದ ಪಕ್ಕೆಲುಬುಗಳಿಗೆ, ಮೊಣಕಾಲುಗಳಿಗೆ, ನುಂಗಬಾರದ್ದನ್ನು ನುಂಗಿದ ಮಕ್ಕಳ ಹೊಟ್ಟೆಗಳಿಗೆ ಲೆಕ್ಕವಿಲ್ಲ. "ನನ್ನ ಪಕ್ಕೆಲುಬು ಚೆನ್ನಾಗಿ ಬಂದಿಲ್ಲ, ಇನ್ನೊಂದು ತೆಗೀರಿ" ಎಂದು ಇವತ್ತಿನವರೆಗೆ ಯಾರೂ ತಕರಾರು ಮಾಡಿಲ್ಲ. ಹಾಗಾಗಿ ನಮ್ಮತ್ತೆ ಒಂದು ಫೋಟೋ ಬೇಕು ಎಂದಾಗ ನಾನು ಎದೆ ತಟ್ಟಿಕೊಂಡು, "ಬಿಡಿ ಅತ್ತೆ, ಅದು ನನ್ನ ಜವಾಬ್ದಾರಿ!" ಎಂದುಬಿಟ್ಟೆ. ನನ್ನ ಗ್ರಹಚಾರ ಕೆಟ್ಟಿದ್ದು ಆ ಗಳಿಗೆಯಲ್ಲೇ.

ಅತ್ತೆ ನಮ್ಮ ಜೊತೆಗೇ ಇರುತ್ತಾರೆ. ಅವರ ಕಣ್ಣು ಮಂಜಾಗುತ್ತಾ ಬಂದಿದೆ. ಇದಕ್ಕೆ ಆಪರೇಷನ್ ಇಲ್ಲ, ಇನ್ನು ಸ್ವಲ್ಪ ಕಾಲದಲ್ಲಿ ಮುಖಗಳ ಗುರುತು ಹತ್ತುವುದೂ ಕಷ್ಟ ಎಂದು ಕಣ್ಣಿನ ಡಾಕ್ಟರು ಕೈಚೆಲ್ಲಿದ್ದಾರೆ. ಅವರಿಗೆ ನಾಲ್ಕು ಮಕ್ಕಳು. ದೊಡ್ಡವರು, ಅಂದರೆ ನನ್ನ ಭಾವ, ಹಡಗಿನಲ್ಲಿ ಅಡುಗೆಯವರು. ಎರಡನೆಯವಳು ನನ್ನ ಹೆಂಡತಿ, ನರ್ಸರಿ ಶಾಲೆಯ ಟೀಚರು. ಮೂರನೆಯವಳು ನಾದಿನಿ, ದೂರದ ಊರಿನಲ್ಲಿ ನರ್ಸು. ಕೊನೆಯವನು ಭಾಮೈದ, ಲಾರಿ ಡ್ರೈವರು. ಒಬ್ಬರು ನೀರಿನ ಮೇಲಿದ್ದರೆ ಇನ್ನೊಬ್ಬರು ರಸ್ತೆಯ ಮೇಲೆ. ನಾಲ್ವರೂ ಒಂದೇ ಚಿತ್ರದಲ್ಲಿರುವ ಫೋಟೋ ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಕೊನೆಗೂ ಹೇಗೋ ಒಂದು ಭಾನುವಾರ ಎಲ್ಲರ ರಜೆಯೂ ಕೂಡಿಬಂತು, ಅದೂ ಮಧ್ಯಾಹ್ನದವರೆಗೆ ಮಾತ್ರ.

"ಕಿಟಕಿಯಷ್ಟು ದೊಡ್ಡದು ಮಾಡಿಸಿ ನನ್ನ ಮಂಚದ ಎದುರಿಗೆ ಹಾಕಿ," ಎಂದರು ಅತ್ತೆ. "ಕಣ್ಣು ಪೂರ್ತಿ ಹೋಗೋದ್ರೊಳಗೆ ನಾಲ್ಕು ಮುಖಾನೂ ಒಟ್ಟಿಗೆ ನೋಡಿ ನೋಡಿ ಬಾಯಿಪಾಠ ಮಾಡ್ಕೊಂಡ್ಬಿಡ್ತೀನಿ."

"ಫೋನಲ್ಲೇ ತೆಗೆದ್ರಾಯ್ತಲ್ಲಮ್ಮ," ಎಂದಳು ನನ್ನ ಹೆಂಡತಿ.

"ಫೋನಲ್ಲಿರೋದು ಫೋಟೋನೇ ಅಲ್ಲ ಕಣೇ. ಮುಖದ ಮುಂದೆ ಹಿಡೀತೀರಿ, ಕಾಣಿಸ್ತಾ ಅಂತೀರಿ, ನಂಗೆ ಕಾಣೋ ಹೊತ್ತಿಗೆ ಕಿತ್ಕೋತೀರಿ!"

ಹೀಗೆ ಮನೆಗೆ ಒಂದು ನಿಜವಾದ ಕ್ಯಾಮೆರಾ ಬರಬೇಕೆಂದು ತೀರ್ಮಾನವಾಯಿತು. ಯಾವ ಕ್ಯಾಮೆರಾ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಕ್ಯಾಮೆರಾಗಳಲ್ಲಿ ಎರಡು ಕುಲ. ಒಂದು ಪುಟ್ಟದು, ಜೇಬಿಗೆ ಹಿಡಿಸುವಂಥದ್ದು; ಅದರ ಲೆನ್ಸು ಅದಕ್ಕೇ ಅಂಟಿಕೊಂಡಿರುತ್ತದೆ, ಬಿಚ್ಚುವ ಹಾಗಿಲ್ಲ. ಇನ್ನೊಂದು ಗಜಗಾತ್ರದ್ದು; ಅದರ ಲೆನ್ಸನ್ನು ತಿರುಗಿಸಿ ಬಿಚ್ಚಿ, ದೂರಕ್ಕೊಂದು, ಹತ್ತಿರಕ್ಕೊಂದು ಬೇರೆ ಬೇರೆ ಹಾಕಬಹುದು. ಎಕ್ಸ್‌ರೇ ಮಹಾರಾಜನಾದ ನಾನು ಯಾವ ಪಕ್ಷವೆಂದು ಬೇರೆ ಹೇಳಬೇಕಿಲ್ಲ. ನನ್ನ ಹೆಂಡತಿ ತಡಮಾಡದೆ ವಿರೋಧ ಪಕ್ಷ ಸೇರಿದಳು.

"ಇರೋ ಒಂದು ಸೋಫಾ ಫೋಟೋ ತೆಗೆಯೋದಕ್ಕೆ ಮೂರು ಲೆನ್ಸ್ ಯಾಕ್ರೀ?"

"ಇವಳೇ, ಸಂದರ್ಭಕ್ಕೆ ತಕ್ಕ ಹಾಗೆ ಬದಲಾಯಿಸ್ಕೋಬಹುದು ಕಣೇ. ಒಂದನ್ನೇ ಹಿಡ್ಕೊಂಡು ಕೂತ್ರೆ ಆಗುತ್ತಾ?"

"ಓಹೋ! ಒಂದನ್ನೇ ಹಿಡ್ಕೊಂಡು ಕೂರೋದು ಕಷ್ಟ ಆಗ್ತಿದೆಯಾ ನಿಮಗೆ? ಸಂದರ್ಭಕ್ಕೆ ತಕ್ಕ ಹಾಗೆ ಬದಲಾಯಿಸ್ಬೇಕಾ? ಹೇಳಿ, ಹೇಳಿ, ಅಮ್ಮನೂ ಕೇಳಿಸ್ಕೊಳ್ಳಲಿ!"

ಕ್ಯಾಮೆರಾದ ವಿಷಯ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ! ಅಂದಿನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಲೆನ್ಸು, ತಿಂಡಿಗೆ ಲೆನ್ಸು. ನಾನು ಆಸ್ಪತ್ರೆಯಲ್ಲಿ ಸಿಕ್ಕಿದ ಬಿಡುವಿನಲ್ಲೆಲ್ಲ ಕ್ಯಾಮೆರಾ ಪಂಡಿತರ ವಿಡಿಯೋ ನೋಡಿದೆ. ಒಬ್ಬ ಪಂಡಿತ ದೊಡ್ಡದೇ ಶ್ರೇಷ್ಠ ಎಂದರೆ, ಇನ್ನೊಬ್ಬ ಅದನ್ನು ಹೊತ್ತು ಹೊತ್ತು ತನಗೆ ಕುತ್ತಿಗೆ ನೋವು ಬಂದಿದೆ ಎಂದ. ಅವನ ಕುತ್ತಿಗೆಯ ಎಕ್ಸ್‌ರೇ ತೆಗೆಯಬೇಕೆನಿಸಿತೇ ಹೊರತು ನನ್ನ ಮನಸ್ಸು ಬದಲಾಗಲಿಲ್ಲ. ದಿನಗಳು ಮಾತ್ರ ಉರುಳಿದವು. ಅತ್ತೆ ಪಾಪ ದಿನಾ ಬೆಳಿಗ್ಗೆ, "ಕ್ಯಾಮೆರಾ ಬಂತಾ ಅಳಿಯಂದ್ರೇ?" ಎಂದು ಕೇಳುವರು. "ಬರ್ತಾ ಇದೆ ಅತ್ತೆ," ಎನ್ನುವೆ ನಾನು.

ಶನಿವಾರ ಬಂತು. ಮಾರನೆಯ ದಿನವೇ ಎಲ್ಲರೂ ಬರುವವರು. ಇನ್ನು ಈ ಹೆಂಗಸಿನ ಒಪ್ಪಿಗೆಗೆ ಕಾದರೆ ಕೆಲಸ ಕೆಟ್ಟಿತೆಂದು ನಾನು ಡ್ಯೂಟಿ ಮುಗಿಸಿ ನೇರ ಅಂಗಡಿಗೆ ನುಗ್ಗಿದೆ. ಅಂಗಡಿಯವನು ನನ್ನ ವಾದವನ್ನೆಲ್ಲ ಕೇಳಿ, "ನೀವು ಹೇಳೋದು ನೂರಕ್ಕೆ ನೂರು ಸರಿ ಸಾರ್. ಫೋಟೋ ಅಂದ್ರೆ ಲೆನ್ಸ್ ಬದಲಾಯಿಸ್ಬೇಕು!" ಎಂದ. ಎಂಥ ವಿವೇಕಿ! ದೊಡ್ಡ ಕ್ಯಾಮೆರಾ, ಮೂರು ಲೆನ್ಸು, ಹೆಗಲಿಗೊಂದು ಚೀಲ ಸಮೇತ ನಾನು ವಿಜಯಯಾತ್ರೆ ಹೊರಟು ಮನೆಯ ಬಾಗಿಲಿಗೆ ಬಂದರೆ, ಎದುರಿನಿಂದ ನನ್ನ ಹೆಂಡತಿ ಬರುತ್ತಿದ್ದಾಳೆ. ಅವಳ ಕೈಯಲ್ಲೂ ಅದೇ ಅಂಗಡಿಯ ಕೈಚೀಲ!

"ನೀವು ಯಾವತ್ತೂ ತೀರ್ಮಾನ ಮಾಡೋರಲ್ಲ ಅಂತ ನಾನೇ ಹೋಗಿ ಚಿಕ್ಕದು ತಂದೆ," ಎಂದಳು. "ಅಂಗಡಿಯವ್ರು ಹೇಳಿದ್ರು, ನೀವು ಹೇಳೋದು ನೂರಕ್ಕೆ ನೂರು ಸರಿ ಮೇಡಂ, ಫೋಟೋ ಅಂದ್ರೆ ಒಂದೇ ಲೆನ್ಸ್ ಇರ್ಬೇಕು ಅಂತ!"

"ನಿಂದು ವಾಪಸ್ ಕೊಡು."

"ನಿಮ್ದು ಕೊಡಿ."

ಇಬ್ಬರೂ ಕೊಡಲಿಲ್ಲ. ನಾಳೆ ಯಾರ ಫೋಟೋ ಗೋಡೆ ಏರುತ್ತದೋ ನೋಡೇ ಬಿಡೋಣ ಎಂದು ಇಬ್ಬರೂ ಮನಸ್ಸಿನಲ್ಲೇ ಪಣ ತೊಟ್ಟೆವು.

ಭಾನುವಾರ ಬೆಳಿಗ್ಗೆ ಮನೆ ತುಂಬಿತು. ಅತ್ತೆ ಒಬ್ಬೊಬ್ಬರ ಮುಖವನ್ನೂ ಕೈಯಲ್ಲಿ ಹಿಡಿದು, ಹತ್ತಿರ ಎಳೆದುಕೊಂಡು ನೋಡಿದರು. ಭಾವ ಸಮುದ್ರದ ಬಿಸಿಲಿಗೆ ಕರಕಲಾಗಿದ್ದರು. ನಾದಿನಿ ರಾತ್ರಿ ಪಾಳಿ ಮುಗಿಸಿ ನಿದ್ದೆಯಿಲ್ಲದೆ ಬಂದಿದ್ದಳು. ಭಾಮೈದ ಲಾರಿಯನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿ ಬಂದಿದ್ದ. ಊಟ ಮುಗಿದೊಡನೆ ನಾನು ಹಾಲ್‌ನ ನಡುವಿಗೆ ಸೋಫಾ ಎಳೆಸಿ ಗಂಟಲು ಸರಿಪಡಿಸಿಕೊಂಡೆ.

ಇಲ್ಲಿ ನನ್ನ ವೃತ್ತಿ ನನಗೆ ಮುಳುವಾಯಿತು. ನಾನು ಅಡುಗೆಮನೆಯಿಂದ ಒಂದು ದೊಡ್ಡ ಟ್ರೇ ತಂದು ಎಲ್ಲರ ಮುಂದೆ ಹಿಡಿದೆ. "ಮೊಬೈಲು, ವಾಚು, ಬೀಗದ ಕೈ, ಕನ್ನಡಕ, ಎಲ್ಲಾ ಇದ್ರಲ್ಲಿ ಹಾಕಿ!"

"ಫೋಟೋಗೆ ಕನ್ನಡಕ ಯಾಕೆ ತೆಗೀಬೇಕು ಭಾವ?" ಎಂದ ಭಾಮೈದ.

ಯಾಕೆಂದು ನನಗೂ ತಿಳಿಯಲಿಲ್ಲ. ಆದರೆ ಎಕ್ಸ್‌ರೇ ಕೋಣೆಯಲ್ಲಿ ವರ್ಷಗಟ್ಟಲೆ ಹೇಳಿದ ಮಾತು, ತಾನಾಗಿ ಬಾಯಿಗೆ ಬಂದಿತ್ತು. ಹೇಳಿದ ಮೇಲೆ ಹಿಂದೆಗೆಯುವುದು ಹೇಗೆ? ನಾನು ಗದರಿದ ರಭಸಕ್ಕೆ ಹೆದರಿ ಎಲ್ಲರೂ ಎಲ್ಲವನ್ನೂ ಟ್ರೇಗೆ ಸುರಿದರು. ನಾನು ಅದನ್ನು ಒಯ್ದು ಒಳಕೋಣೆಯ ಬೀರುವಿನ ಮೇಲಿಟ್ಟೆ. ಆಮೇಲೆ ಮನೆಯಲ್ಲಿ ಫೋನೂ ಇಲ್ಲ, ಗಂಟೆ ಎಷ್ಟೆಂದು ಯಾರಿಗೂ ತಿಳಿಯುವಂತೆಯೂ ಇಲ್ಲ.

ಕಿಟಕಿಯ ಬಳಿ ನಿಂತು ನಾನು ದೂರದ ಲೆನ್ಸು ಹಾಕಿ ನೋಡಿದೆ. ಭಾವನ ಒಂದು ಕಿವಿ ಮಾತ್ರ ಕಂಡಿತು. ಅದ್ಭುತವಾದ ಕಿವಿ, ಒಂದೊಂದು ಕೂದಲೂ ಸ್ಪಷ್ಟ! ಉಳಿದ ಭಾವ ಬೇಕೆಂದರೆ ನಾನು ಗೋಡೆ ಒಡೆದು ಹಿಂದಿನ ಮನೆಗೆ ಹೋಗಬೇಕಿತ್ತು. ಅದನ್ನು ಬಿಚ್ಚಿ ಅಗಲದ ಲೆನ್ಸು ಹಾಕಿ ಒಂದು ತೆಗೆದೆ. ನಾದಿನಿ ಎದ್ದು ಬಂದು ಪರದೆಯಲ್ಲಿ ಇಣುಕಿ ಕಿರುಚಿದಳು: "ಅಯ್ಯಯ್ಯೋ, ನಾನು ಇಷ್ಟು ದಪ್ಪಾನಾ?" ಆ ಲೆನ್ಸು ಅಂಚಿನಲ್ಲಿ ಕೂತವರನ್ನೆಲ್ಲ ಹಿಗ್ಗಿಸುತ್ತಿತ್ತು. ಅಂಚಿಗೆ ಯಾರೂ ಕೂರಲೊಲ್ಲರು. ಎಲ್ಲರೂ ನಡುವಿಗೇ ಬಂದರೆ ಅಂಚು ಇರುವುದು ಹೇಗೆ? ಮತ್ತೆ ಬಿಚ್ಚಿದೆ, ಮೂರನೆಯದನ್ನು ಹಾಕತೊಡಗಿದೆ.

"ಅವರು ಅಂಗಡಿ ಇಡೋದ್ರೊಳಗೆ ನಾನು ತೆಗೆದು ಮುಗಿಸ್ತೀನಿ, ಎಲ್ಲರೂ ಇಲ್ಲಿ ನೋಡಿ!" ಎಂದು ಸೋಫಾದ ಹಿಂದಿನಿಂದ ದನಿ ಬಂತು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ನಿಂತಿದ್ದಳು, ಕೈಯಲ್ಲಿ ಪುಟ್ಟ ಕ್ಯಾಮೆರಾ. ಮೂವರೂ ಅತ್ತ ತಿರುಗಿದರು. "ಕೈ ಕಟ್ಟಿ! ತುಟಿ ಮೇಲೆ ಬೆರಳು! ಜಾಣರು ಯಾರು ನೋಡೋಣ?" ಭಾವ, ಹಡಗಿನಲ್ಲಿ ಬಿರುಗಾಳಿಗೂ ಜಗ್ಗದ ಭಾವ, ಸುಮ್ಮನೆ ತುಟಿ ಮೇಲೆ ಬೆರಳಿಟ್ಟರು.

ನಾನು ಬಿಡುವೆನೇ? "ಇತ್ತ ತಿರುಗಿ! ಎದೆ ಮುಂದೆ! ಗದ್ದ ಮೇಲೆ! ಉಸಿರು ಎಳೀರಿ... ಬಿಗಿ ಹಿಡೀರಿ!" ಮೂವರೂ ಇತ್ತ ತಿರುಗಿ ಕೆನ್ನೆ ಊದಿಸಿಕೊಂಡು ಕೂತರು. ಬಟನ್ ಒತ್ತುವುದು ಎಲ್ಲಿಂದ ಬಂತು? ಮೂರನೆಯ ಲೆನ್ಸಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ನಾನು ಮುಚ್ಚಳ ತೆಗೆದು ಮುಗಿಸುವಷ್ಟರಲ್ಲಿ ಭಾಮೈದ ನೀಲಿಗಟ್ಟಿದ್ದ.

"ಬಿಡಬಹುದಾ ಭಾವ?"

"ಬಿಡ್ಬೇಡ!"

"ಬಿಡೋ! ಇಲ್ಲಿ ನೋಡೋ, ಕೈ ಕಟ್ಟು!" ಎಂದಳು ಅವನಕ್ಕ.

ಒಮ್ಮೆ ಇತ್ತ, ಒಮ್ಮೆ ಅತ್ತ. ಅವಳು ಹಿಂದೆ ಸರಿದರೆ ಸ್ಟೂಲು ಬೀಳುತ್ತಿತ್ತು, ಮುಂದೆ ಬಂದರೆ ಎಲ್ಲರೂ ಹಿಡಿಸುತ್ತಿರಲಿಲ್ಲ. ನಾನು ಬಿಚ್ಚುತ್ತಿದ್ದೆ, ಹಾಕುತ್ತಿದ್ದೆ, ನಡುನಡುವೆ ಒತ್ತುತ್ತಿದ್ದೆ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತ ಅತ್ತೆ, "ನಾಲ್ಕೂ ಜನ ಬಂದ್ರಾ? ನಾಲ್ಕೂ ಜನ ಬಂದ್ರಾ?" ಎಂದು ಕೇಳುತ್ತಲೇ ಇದ್ದರು. ನಾವಿಬ್ಬರೂ ಒಂದೇ ಉಸಿರಿಗೆ, "ಬಂದ್ರು, ಬಂದ್ರು!" ಎಂದೆವು. ಆ ಪ್ರಶ್ನೆಯನ್ನು ಒಂದು ಕ್ಷಣ ನಿಂತು ಕೇಳಿಸಿಕೊಂಡಿದ್ದರೆ ಇವತ್ತು ಈ ಕಥೆ ಹೇಳುವ ಗತಿ ನನಗೆ ಬರುತ್ತಿರಲಿಲ್ಲ.

ಹೊರಗೆ ಕಾರಿನ ಹಾರನ್ನು ಬಡಿದುಕೊಂಡಿತು. ಬಂದರಿಗೆ ಒಯ್ಯಲು ಭಾವನಿಗಾಗಿ ಬಂದ ಬಾಡಿಗೆ ಕಾರು! ಎಲ್ಲರೂ ಬೀರುವಿನ ಮೇಲಿನ ಟ್ರೇಗೆ ನುಗ್ಗಿದರು. ಭಾವ ಭಾಮೈದನ ಕನ್ನಡಕ ಹಾಕಿಕೊಂಡು ಹೊರಟರು, ಮತ್ತೆ ಬಾಗಿಲಿಂದ ವಾಪಸ್ ಬಂದು ಬದಲಾಯಿಸಿಕೊಂಡರು. ನಾದಿನಿ ಅದೇ ಕಾರಿನಲ್ಲಿ ಸ್ಟೇಷನ್ನಿಗೆ ಓಡಿದಳು, ಭಾಮೈದ ಲಾರಿಗೆ ಓಡಿದ. ಅಮ್ಮನ ಜೊತೆ ನೆಟ್ಟಗೆ ನಾಲ್ಕು ಮಾತಾಡಲು ಒಬ್ಬರಿಗೂ ಹೊತ್ತಿರಲಿಲ್ಲ. ಇದ್ದ ಹೊತ್ತನ್ನೆಲ್ಲ ನಾವು ಗಂಡ ಹೆಂಡತಿ ತಿಂದುಹಾಕಿದ್ದೆವು.

ಸಂಜೆ ಕಂಪ್ಯೂಟರಿನ ಮುಂದೆ ಕೂತೆವು. ಮೊದಲು ನನ್ನವು. ಭಾವ, ನಾದಿನಿ, ಭಾಮೈದ ಮೂವರೂ ಕೆನ್ನೆ ಊದಿಸಿಕೊಂಡು, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು, ಯಾವುದೋ ರೋಗದ ಫಲಿತಾಂಶಕ್ಕೆ ಕಾದವರಂತೆ ಕೂತಿದ್ದರು. ಅವರ ಹಿಂದೆ, ಸ್ಟೂಲಿನ ಮೇಲೆ, ಮುಖಕ್ಕೆ ಕ್ಯಾಮೆರಾ ಒತ್ತಿಕೊಂಡ ನನ್ನ ಹೆಂಡತಿ. ಒಂದರಲ್ಲೂ ಅವಳ ಮುಖವಿಲ್ಲ! ಆಮೇಲೆ ಅವಳವು. ಮೂರು ತಲೆಗಳ ಹಿಂಭಾಗ, ಅವುಗಳಾಚೆ ಲೆನ್ಸು ಬಾಯಲ್ಲಿ ಕಚ್ಚಿಕೊಂಡು ಮುಚ್ಚಳ ಹುಡುಕುತ್ತಿರುವ ನಾನು. ಕೆಲವುಗಳಲ್ಲಿ ಮೂವರೂ ಅವಳತ್ತ ತಿರುಗಿ, ತುಟಿಗೆ ಬೆರಳಿಟ್ಟುಕೊಂಡು ಕೂತಿದ್ದರು, ತಿರುಗಿದ ರಭಸಕ್ಕೆ ಮುಖಗಳೆಲ್ಲ ಅಲುಗಿ ಮಸುಕಾಗಿದ್ದವು.

"ನಾಲ್ಕನೇ ಮುಖ ನಿಂದು ಕಣೇ," ಎಂದೆ ನಿಧಾನವಾಗಿ. "ನೀನು ಹೋಗಿ ಸೋಫಾದಲ್ಲಿ ಕೂರ್ಬೇಕಿತ್ತು."

"ನೀವು ಕರೀಬೇಕಿತ್ತು!" ಎಂದವಳು ಆಮೇಲೆ ಗದ್ದಕ್ಕೆ ಕೈಯಿಟ್ಟುಕೊಂಡಳು. "ಕರೆದಿದ್ರೂ ಬರ್ತಿರ್ಲಿಲ್ಲ ಬಿಡಿ. ಬಂದ್ರೆ ನಿಮ್ಮ ಕ್ಯಾಮೆರಾ ಗೆದ್ದ ಹಾಗಾಗ್ತಿತ್ತಲ್ಲ."

ಅವಳು ಅತ್ತಳು. ಮರುದಿನ ಅಂಗಡಿಯವನ ಮುಂದೆ ಗೋಳು ಹೇಳಿಕೊಂಡರೆ ಆ ಪುಣ್ಯಾತ್ಮ, "ಯಾಕೆ ಸಾರ್, ಎರಡರಲ್ಲೂ ಟೈಮರ್ ಇದೆಯಲ್ಲ? ಒತ್ತಿಟ್ಟು ಹೋಗಿ ಕೂತ್ಕೊಂಡಿದ್ರೆ ತಾನಾಗೇ ತೆಗೀತಿತ್ತು," ಎಂದ. ಎರಡು ಕ್ಯಾಮೆರಾಗಳಲ್ಲಿ ಯಾವುದಾದರೊಂದು ಸಾಕಿತ್ತು! ಭಾವನ ಹಡಗು ಅಷ್ಟರಲ್ಲಿ ಹೊರಟುಹೋಗಿತ್ತು. ಅವರಿಗೆ ಮುಂದಿನ ರಜೆ ಯಾವಾಗ ಎಂಬುದು ಅವರಿಗೇ ಗೊತ್ತಿಲ್ಲ, ಅತ್ತೆಯ ಕಣ್ಣು ಅಲ್ಲಿಯವರೆಗೆ ಕಾಯುವುದಿಲ್ಲ ಎಂಬುದು ನಮಗೆಲ್ಲರಿಗೂ ಗೊತ್ತಿದೆ.

ಬರಿಗೈಯಲ್ಲಿ ಹೋಗಲು ಮುಖವಿಲ್ಲದೆ, ಇದ್ದುದರಲ್ಲಿ ಎರಡನ್ನು ಕಿಟಕಿಯಷ್ಟು ದೊಡ್ಡದು ಮಾಡಿಸಿ ತಂದು ಅತ್ತೆಯ ಮಂಚದ ಮೇಲೆ ಹರಡಿದೆವು, ನನ್ನದೊಂದು, ಅವಳದೊಂದು. ಅತ್ತೆ ಬಗ್ಗಿ, ಮೂಗು ತಾಗಿಸಿ, ಅಂಗುಲ ಅಂಗುಲವಾಗಿ ನೋಡಿದರು.

"ಇದ್ಯಾರು, ಹಿಂದೆ ನಿಂತಿರೋದು? ಮೂತಿಗೆ ಡಬ್ಬ ಕಟ್ಕೊಂಡಿರೋಳು?"

"ನಾನೇ ಅಮ್ಮ."

"ಇದ್ರಲ್ಲಿ ಅಳಿಯಂದ್ರು ಒಬ್ರೇ ಸ್ಪಷ್ಟವಾಗಿ ಬಂದಿದಾರೆ. ಅವ್ರನ್ನ ದಿನಾ ನೋಡ್ತೀನಲ್ಲೇ ನಾನು!"

ನನ್ನ ಹೆಂಡತಿ ಅವರ ಕೈ ಹಿಡಿದುಕೊಂಡು ಬಿಕ್ಕಿದಳು. "ತಪ್ಪಾಯ್ತಮ್ಮ. ಇನ್ನೊಂದ್ಸಲ ನಾಲ್ಕೂ ಜನ ಸೇರಿದಾಗ ಖಂಡಿತ ತೆಗೀತೀವಿ."

ಅತ್ತೆ ಎರಡೂ ಫೋಟೋಗಳನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಸೇರ್ತಾರೆ, ಸೇರದೆ ಏನು? ನಾನು ಹೋದ ದಿನ ನಾಲ್ಕೂ ಜನ ತಪ್ಪದೆ ಬಂದು ಸೇರ್ತಾರೆ. ಅವತ್ತಿಗೆ ಯಾವ ಕ್ಯಾಮೆರಾ ಅನ್ನೋ ಜಗಳಾನ ಈಗ್ಲೇ ಆಡಿ ಮುಗಿಸ್ಕೊಂಡ್ಬಿಡಿ ಅಳಿಯಂದ್ರೇ. ನಾನೂ ಕೇಳಿಸ್ಕೊಂಡು ಹೋಗ್ತೀನಿ."