ಕರೆಂಟ್ ಬಂತು, ಕ್ಯಾಮೆರಾ ಬರಲಿಲ್ಲ

ಕರೆಂಟ್ ಹೋದರೆ ಜನ ಲೈನ್‌ಮನ್‌ಗೆ ಬೈಯುತ್ತಾರೆ. ಬಂದರೆ ನನಗೆ ಬೈಯುತ್ತಾರೆ. ಹನ್ನೆರಡು ವರ್ಷದಿಂದ ಇದೇ ನಡೆದಿದೆ.

ಮೊದಲು ಕುಂದಗೋಳದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದೆ. ಕೆಟ್ಟರೆ ಜನ ರೇಡಿಯೋ ಬಗಲಲ್ಲಿಟ್ಟುಕೊಂಡು ನನ್ನ ಹತ್ತಿರ ಬರುತ್ತಿದ್ದರು. ಈಗ ಮನೆಗಳಿಗೆ ಕ್ಯಾಮೆರಾ ಕೂರಿಸುತ್ತೇನೆ. ಕೆಟ್ಟರೆ ನಾನೇ ಹೋಗಬೇಕು. ನನಗೆ ಅರವತ್ತೆಂಟು. ಮೊಣಕಾಲಿಗೆ ಇನ್ನೂ ಹೆಚ್ಚು.

ಕೆಲಸ ದೊಡ್ಡದಲ್ಲ. ಮನೆಯಲ್ಲಿ ಎರಡು ಡಬ್ಬಿ ಇರುತ್ತವೆ. ಒಂದು ಇಂಟರ್ನೆಟ್ಟಿನದು, ಒಂದು ಕ್ಯಾಮೆರಾದ್ದು. ಕರೆಂಟ್ ಹೋಗಿ ಬಂದಾಗ ಎರಡೂ ಒಟ್ಟಿಗೇ ಏಳುತ್ತವೆ, ಒಂದನ್ನೊಂದು ಗುರುತಿಸುವುದಿಲ್ಲ. ಪರವೂರಿನಲ್ಲಿ ಇದ್ದವರ ಮೊಬೈಲಿನಲ್ಲಿ ಮನೆ ಕಾಣುವುದಿಲ್ಲ. ಎರಡನ್ನೂ ಆರಿಸಿ, ಮೊದಲು ಇಂಟರ್ನೆಟ್ಟಿನದನ್ನು ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದನ್ನು ಹಚ್ಚಬೇಕು. ಅಷ್ಟೇ. ಫೋನಿನಲ್ಲಿ ಹೇಳಿದರೆ ಯಾರೂ ಮಾಡುವುದಿಲ್ಲ. "ನೀವ ಬಂದು ಹಚ್ರಿ ಕಾಕಾ, ನಿಮ್ಮ ಕೈಗುಣ ಚಲೋ ಐತಿ" ಎನ್ನುತ್ತಾರೆ. ಸ್ವಿಚ್ಚಿಗೂ ಕೈಗುಣ.

ಹೋದ ವರ್ಷ ಹಿಂಗಾರಿ ಮಳೆಯಲ್ಲಿ ಗಾಳಿ ಎದ್ದು ಕಂಬಗಳು ಬಿದ್ದವು. ಆಗಿನ ಎರಡು ದಿನದ ಮಾತು.

೧. ಮೊದಲ ಫೋನು

ಮೊದಲು ಫೋನ್ ಮಾಡಿದವಳು ಮಿಶ್ರಿಕೋಟಿಯ ಒಬ್ಬ ಹೆಣ್ಣುಮಗಳು. ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಬೈಲಹೊಂಗಲದ ಕಡೆ ಮಗಳ ಮನೆಗೆ ಹೋಗಿದ್ದಳು. ಊರಲ್ಲಿ ಗಂಡ ಮತ್ತು ಎಮ್ಮೆ.

"ಕಾಕಾ, ಎಮ್ಮಿ ಹಾಲ ಬಿಡವಲ್ದು" ಎಂದಳು.

ನಾನು ದನದ ಡಾಕ್ಟರ್ ಅಲ್ಲ ಎಂದೆ.

ಆಗ ಬಿಡಿಸಿ ಹೇಳಿದಳು. ಕರು ಸತ್ತ ಮೇಲೆ ಆ ಎಮ್ಮೆ ಈಕೆಯ ದನಿ ಕೇಳದೆ ಹಾಲು ಬಿಡುವುದಿಲ್ಲ. ಅದಕ್ಕೇ ದನದ ಮನೆಯಲ್ಲಿ ನನ್ನ ಕಡೆಯಿಂದ ಮಾತಾಡುವ ಕ್ಯಾಮೆರಾ ಹಾಕಿಸಿದ್ದಳು. ಈಕೆ ಬೈಲಹೊಂಗಲದಲ್ಲಿ ಕೂತು ಮೊಬೈಲಿನಲ್ಲಿ "ಬಾ ನನ ಬಂಗಾರಾ" ಎಂದರೆ ಮಿಶ್ರಿಕೋಟಿಯಲ್ಲಿ ಎಮ್ಮೆಯ ತಲೆಯ ಮೇಲೆ ಕೇಳುತ್ತಿತ್ತು. ಗಂಡ ಸುಮ್ಮನೆ ಕೂತು ಹಿಂಡುತ್ತಿದ್ದ. ಈಗ ಕರೆಂಟಿಲ್ಲ, ದನಿಯಿಲ್ಲ, ಹಾಲಿಲ್ಲ. ಕೆಚ್ಚಲು ಬಾತಿದೆ. ಇನ್ನೆರಡು ದಿನ ಹೀಗಾದರೆ ಹಾಲು ಬತ್ತಿಹೋಗುತ್ತದೆ.

ಗಂಡನ ಮೊಬೈಲಿಗೆ ಫೋನ್ ಮಾಡಿ ಎಮ್ಮೆಯ ಕಿವಿಗೆ ಹಿಡಿಸು ಎಂದೆ. ಹಿಡಿಸಿದ್ದಳಂತೆ. ಎಮ್ಮೆ ಮೊಬೈಲನ್ನು ನೆಕ್ಕಿತು, ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರು, ಮತ್ತೆ ನೆಕ್ಕಿತು. ಮೂರನೇ ಸಲ ಮೊಬೈಲು ನೀರಿನ ಬಾನಿಯಲ್ಲಿ ಬಿತ್ತು. ಇಷ್ಟು ಸುದ್ದಿ ಬಾಜು ಮನೆಯವರಿಂದ ಬಂದದ್ದು. ಅವರು ತಮ್ಮ ಮೊಬೈಲು ಕೊಡಲು ತಯಾರಿಲ್ಲ.

ಮಿಶ್ರಿಕೋಟಿಗೆ ನಾಳೆ ಮಧ್ಯಾಹ್ನದ ಮೇಲೆ ಲೈನು ಬರುವುದಿತ್ತು. ನಾಳೆ ಬರುತ್ತೇನೆ ಎಂದೆ. ಈಗ ಆಕೆಗೆ ಎಮ್ಮೆಯೂ ಕಾಣುತ್ತಿಲ್ಲ, ಗಂಡನೂ ಸಿಗುತ್ತಿಲ್ಲ. ಯಾವುದರ ಚಿಂತೆ ಹೆಚ್ಚು ಎಂದು ಕೇಳಿದೆ.

"ಇದೇನ ಕೇಳ್ತೀರಿ ಕಾಕಾ, ಎಮ್ಮಿದು" ಎಂದಳು.

೨. ಜಳಕ

ಅದೇ ದಿನ, ಕರೆಂಟ್ ಬಂದಿದ್ದ ಯರಗುಪ್ಪಿಗೆ ಹೋದೆ. ಮನೆಯ ಯಜಮಾನರು ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟಿದ್ದಾರೆ, ಅಲ್ಲಿಂದಲೇ ಮೊಬೈಲಿನಲ್ಲಿ ಹಿತ್ತಿಲು ಕಾಯುತ್ತಾರೆ. ಮನೆಯಲ್ಲಿ ಅವರ ತಾಯಿ ಇದ್ದರು. ಕ್ಯಾಮೆರಾದ ಡಬ್ಬಿಯನ್ನು ನಾನು ಪಡಸಾಲೆಯಲ್ಲಿ ಇಟ್ಟು ಬಂದಿದ್ದೆ. ಅದು ದೇವರ ಕೋಣೆಗೆ ಹೋಗಿತ್ತು. ಬೆಲೆಬಾಳುವ ವಸ್ತು, ದೇವರ ಹತ್ತಿರ ಇದ್ದರೆ ಕಳುವಾಗುವುದಿಲ್ಲ ಎಂದರು. ಕಳ್ಳನನ್ನು ಹಿಡಿಯುವ ಡಬ್ಬಿಗೆ ದೇವರ ಕಾವಲು. ಮೇಲೆ ಮೂರು ಬೆರಳು ವಿಭೂತಿ ಹಚ್ಚಿದ್ದರು.

ಹೊಸ್ತಿಲ ಮೇಲೆ ಕಾಲಿಟ್ಟೆ. "ಜಳಕಾ ಆಗೇತೇನ್ರಿ?" ಎಂದರು.

ಮುಂಜಾನೆಯೇ ಆಗಿದೆ ಎಂದೆ.

"ಬಸ್ಸಿನಾಗ ಬಂದಿರಲ್ರಿ?"

ವಾದ ಮಾಡುವ ಶಕ್ತಿ ಇರಲಿಲ್ಲ. ಬಚ್ಚಲಿಗೆ ಹೋದೆ. ನೀರು ಹಾಕಿಕೊಳ್ಳುತ್ತಿರುವಾಗ ಹೊರಗೆ ಅಂಗಿಯ ಕಿಸೆಯಲ್ಲಿ ಫೋನ್ ರಿಂಗಾಯಿತು. ಅಜ್ಜಿಯೇ ಎತ್ತಿದರು. ಮಿಶ್ರಿಕೋಟಿಯವಳು. ಅವರು ಜಳಕಕ್ಕೆ ಕೂತಿದ್ದಾರೆ ಎಂದು ಅಜ್ಜಿ ಹೇಳಿದರು. ಆ ಕಡೆಯ ಮಾತು ನನಗೆ ಬಚ್ಚಲಿನವರೆಗೂ ಕೇಳಿಸಿತು. ನನ್ನ ಎಮ್ಮಿ ಕೆಚ್ಚಲಾ ಬಾತು ನಿಂತೈತಿ, ಇವರು ಮಂದಿ ಮನ್ಯಾಗ ಜಳಕಾ ಮಾಡಾಕತ್ತಾರೇನು ಎಂದು.

ಯಜಮಾನರ ಮಡಿಪಂಚೆ ಉಟ್ಟುಕೊಂಡು ಒಳಗೆ ಹೋದೆ. ಆರಿಸಿದೆ, ಹಚ್ಚಿದೆ. ಹುಬ್ಬಳ್ಳಿಯಿಂದ ಯಜಮಾನರು ಫೋನ್ ಮಾಡಿ, ಕಾಣತೈತ್ರಿ ಎಂದರು. ಹೊರಗೆ ಬಂದು ನನ್ನ ಪ್ಯಾಂಟು ಹಾಕಿಕೊಂಡು, ಎರಡು ರೊಟ್ಟಿ ತಿಂದು, ಬೀದಿಯ ಪೆಟ್ಟಿಗೆ ಅಂಗಡಿಯಲ್ಲಿ ಚಹಾ ಕುಡಿದು ಚೀಲ ತರಲು ಬಂದೆ. ಕರೆಂಟ್ ಹೋಯಿತು. ಬಂತು. ಮತ್ತೆ ಹುಬ್ಬಳ್ಳಿಯಿಂದ ಫೋನ್. ಕಾಣವಲ್ದು.

ನಾನು ಅಜ್ಜಿಯ ಮುಖ ನೋಡಿದೆ.

"ಹಂಡೇದಾಗ ನೀರ ಇನ್ನೂ ಬಿಸಿ ಅದಾವ್ರಿ" ಎಂದರು.

೩. ಇಸವಿ

ಮರುದಿನ ಮುಂಜಾನೆ ಬಮ್ಮಿಗಟ್ಟಿ. ಅಲ್ಲಿ ಒಬ್ಬ ಮಾಸ್ತರರ ಮನೆ. ಹೋಗುವಷ್ಟರಲ್ಲಿ ಒಳಗೆ ಪಡಸಾಲೆಯ ಕಟ್ಟೆಯ ಮೇಲೆ ಜನ ಕೂತಿದ್ದರು. ಮಾಸ್ತರರು ಅಂಗಳದಲ್ಲಿ ಒಣಹಾಕಿದ ಗೋವಿನಜೋಳವನ್ನು ಹಿಂದಿನ ದಿನ ಬಾಜು ಮನೆಯವನ ಆಡು ತಿಂದಿತ್ತು. ಮಾಸ್ತರರ ಹತ್ತಿರ ಕ್ಯಾಮೆರಾದ ಚಿತ್ರವಿತ್ತು. ಟಿವಿಯಲ್ಲಿ ಹಚ್ಚಿ ತೋರಿಸುತ್ತಿದ್ದರು. ಆಡಿನ ಮೇಲೆ, ಮೂಲೆಯಲ್ಲಿ, ಎರಡು ಸಾವಿರದ ಇಸವಿ ಎಂದು ಬರೆದಿತ್ತು.

ಡಬ್ಬಿಯೊಳಗೆ ಗುಂಡಿಯಷ್ಟು ಸಣ್ಣ ಸೆಲ್ ಇರುತ್ತದೆ. ಅದು ಸತ್ತರೆ, ಕರೆಂಟ್ ಹೋಗಿ ಬಂದಾಗ ಗಡಿಯಾರ ಹಳೆಯ ಇಸವಿಗೆ ಹೋಗಿ ಕೂರುತ್ತದೆ.

ಬಾಜು ಮನೆಯವನಿಗೆ ಇಪ್ಪತ್ತನಾಲ್ಕು ವರ್ಷ. ಎದ್ದು ನಿಂತ. "ಈ ಇಸವ್ಯಾಗ ನಾನ ಹುಟ್ಟಿದ್ದಿಲ್ರಿ. ನನ್ನ ಆಡು ಎಲ್ಲಿಂದ ಬಂತು?"

ಹಿರಿಯರೊಬ್ಬರು ನ್ಯಾಯ ಮಾಡಲು ಕೂತಿದ್ದರು. ನನ್ನನ್ನು ಕೇಳಿದರು. ಇಸವಿ ಸುಳ್ಳು, ಆಡು ಖರೆ ಎಂದೆ. ಅವರು ಒಪ್ಪಲಿಲ್ಲ. ಒಂದು ಮಾತು ಸುಳ್ಳು ಹೇಳಿದ ಸಾಕ್ಷಿಯ ಇನ್ನೊಂದು ಮಾತನ್ನು ಹೆಂಗ ನಂಬೋದು ಎಂದರು. ಮಾಸ್ತರರು ತಲೆಗೆ ಕೈ ಹಚ್ಚಿ ಕೂತರು.

ನಾನು ಸೆಲ್ ಬದಲಿಸಿ, ತಾರೀಖು ಸರಿ ಮಾಡಿ, ಎರಡೂ ಡಬ್ಬಿ ಹಚ್ಚಿದೆ. ಮಾಸ್ತರರು ಮೊಬೈಲ್ ತೆಗೆದರು. ಅಂಗಳ ಕಂಡಿತು. ಗೋವಿನಜೋಳ ಕಂಡಿತು. ಗೋವಿನಜೋಳದ ನಡುವೆ ಅದೇ ಆಡು ನಿಂತು ತಿನ್ನುತ್ತಿತ್ತು. ಈ ಸಲ ಇವತ್ತಿನ ತಾರೀಖು. ಮಾಸ್ತರರು ಮೊಬೈಲನ್ನು ಎಲ್ಲರ ಮುಂದೆ ಹಿಡಿದುಕೊಂಡು ಬಂದರು. ಎದ್ದು ಹೋಗಿ ಆಡನ್ನು ಅಟ್ಟಿದವರು ಯಾರೂ ಇಲ್ಲ.

ಹಿರಿಯರು ಚಾಳೀಸು ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇಪ್ಪತ್ತೈದು ವರ್ಷ ಆತು" ಎಂದರು. "ಇದು ಅದರ ಮರಿಮೊಮ್ಮಗಳ ಇರಬೇಕು."

೪. ದನದ ಮನೆ

ಅಲ್ಲಿಂದ ಮಿಶ್ರಿಕೋಟಿಗೆ ಹೋದೆ. ದಾರಿಯಲ್ಲಿ ಐದು ಸಲ ಫೋನ್ ಬಂತು. ಎರಡು ದಿನದಿಂದ ಹನಿ ಹಾಲಿಲ್ಲ, ಇವತ್ತು ಸಂಜೆ ಹಿಂಡದಿದ್ದರೆ ಎಮ್ಮೆ ಕೈಬಿಟ್ಟಂತೆಯೇ ಎಂದಳು. ಕೊನೆಯ ಸಲ ಬರೀ ಮೂಗು ಎಳೆದಳು.

ಊರು ಮುಟ್ಟುವಾಗ ಹಿಂಡುವ ಹೊತ್ತಾಗಿತ್ತು. ಕರೆಂಟ್ ಬಂದಿತ್ತು. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಎರಡೂ ಡಬ್ಬಿ ಪಡಸಾಲೆಯಲ್ಲೇ ಇದ್ದವು. ಎರಡನ್ನೂ ಆರಿಸಿ, ಇಂಟರ್ನೆಟ್ಟಿನದನ್ನು ಹಚ್ಚಿ, ಎರಡು ನಿಮಿಷ ಕೂತು, ಕ್ಯಾಮೆರಾದ್ದನ್ನು ಹಚ್ಚಿದೆ. ತಕ್ಷಣ ಫೋನ್ ಬಂತು.

ಬಂತ್ರಿ ಕಾಕಾ, ಬಂತು ಎಂದಳು. ಹಿಂದೆ ತೊಟ್ಟಿಲ ಕಾರ್ಯಕ್ಕೆ ಕೂಡಿದ ಹೆಂಗಸರ ಗದ್ದಲ. ಎರಡು ದಿನ ಬೀಗರ ಮುಂದೆ ಎಮ್ಮೆಯನ್ನು ಹೊಗಳಿದ್ದಳು. ಈಗ ಎಲ್ಲರನ್ನೂ ಕರೆದು ಮೊಬೈಲಿನಲ್ಲಿ ತೋರಿಸುತ್ತಿದ್ದಳು. ಆಮೇಲೆ ದನಿ ತಗ್ಗಿತು.

"ಕಾಕಾ, ಎಮ್ಮಿ ಕೆಳಗ ಯಾವಕಿನೋ ಕುಂತಾಳ."

ಯಾರು ಎಂದೆ.

"ಸೆರಗ ಹೊತ್ತಾಳ, ಮಾರಿ ಕಾಣವಲ್ದು. ನನ್ನ ಇಳಕಲ್ಲ ಸೀರಿ ಉಟ್ಟಾಳ." ಮತ್ತೆ, "ನಮ್ಮನಿಯವರು ಎಲ್ಲಿ ಅದಾರ?" ಎಂದಳು.

ಸುತ್ತ ನೋಡಿದೆ. ಮನೆಯಲ್ಲಿ ಎಲ್ಲೂ ಇಲ್ಲ ಎಂದೆ. ಇದ್ದದ್ದನ್ನೇ ಹೇಳಿದ್ದೆ. ಹೇಳಬಾರದಿತ್ತು.

ಫೋನ್ ಕಟ್ಟಾಯಿತು. ನಾನು ದನದ ಮನೆಗೆ ಹೋಗುವಷ್ಟರಲ್ಲಿ ಆಕೆಯ ದನಿ ಕ್ಯಾಮೆರಾದಿಂದಲೇ ಬರುತ್ತಿತ್ತು.

"ಯಾರ ಬೇ ನೀ? ಈ ಕಡೆ ಮಾರಿ ತೋರಸು."

ಸೀರೆಯವಳು ತಲೆ ಎತ್ತಿದಳು. ಸೆರಗು ಜಾರಿತು. ಕೆಳಗೆ ದಪ್ಪ ಮೀಸೆ.

ಬೈಲಹೊಂಗಲದಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಒಟ್ಟಿಗೆ ನಕ್ಕದ್ದು ದನದ ಮನೆಯಲ್ಲಿ ಕೇಳಿತು. ಬೀಗರು ಭಾಳ ಲಕ್ಷಣ ಕಾಣ್ತಾರ ಎಂದು ಒಬ್ಬ ಬೀಗಿತ್ತಿ ಹೇಳಿದ್ದೂ ಕೇಳಿತು.

ಪಾಪದ ಮನುಷ್ಯ. ಹೆಂಡತಿಯ ದನಿಯಂತೂ ಇಲ್ಲ, ವಾಸನೆಯಾದರೂ ಸಿಗಲಿ ಎಂದು ಸೀರೆ ಉಟ್ಟಿದ್ದ. ಎಮ್ಮೆ ಸೆರಗು ಮೂಸಿತ್ತು, ಕೂರಲೂ ಬಿಟ್ಟಿತ್ತು. ಹಾಲು ಮಾತ್ರ ಬಿಟ್ಟಿರಲಿಲ್ಲ.

ಈಗ ಬೈಗುಳ ಶುರುವಾಯಿತು. ಮೊದಲು ಸೀರೆಗೆ ಹತ್ತಿದ ಸಗಣಿ. ಆಮೇಲೆ ಬೀಗರ ಮುಂದೆ ಹೋದ ಮರ್ಯಾದೆ. ಆಮೇಲೆ ಬಾನಿಯಲ್ಲಿ ಬಿದ್ದ ಮೊಬೈಲು. ಅಲ್ಲಿಂದ ಹಿಂದಕ್ಕೆ, ಮದುವೆಯಾದ ವರ್ಷದವರೆಗೂ ಹೋದಳು.

ಎಮ್ಮೆ ಮೆಲುಕು ನಿಲ್ಲಿಸಿತು. ಕಿವಿ ನಿಮಿರಿಸಿತು. ಆ ದನಿ ಏನು ಹೇಳುತ್ತಿದೆ ಎಂಬುದು ಅದಕ್ಕೆ ಬೇಕಿರಲಿಲ್ಲ. ಚರಿಗೆಯಲ್ಲಿ ಚೊರ್ ಎಂದು ಮೊದಲ ಧಾರೆ ಬಿತ್ತು. ಬೈಗುಳ ಏರಿದಷ್ಟೂ ಧಾರೆ ದಪ್ಪಗಾಯಿತು. ಅವನು ಸೆರಗು ಮತ್ತೆ ಹೊದ್ದು, ತಲೆ ತಗ್ಗಿಸಿ ಹಿಂಡುತ್ತಲೇ ಇದ್ದ.

ನನಗೆ ನೋಡಲಾಗಲಿಲ್ಲ. ಕ್ಯಾಮೆರಾದ ಹತ್ತಿರವಿದ್ದ ಗೋಡೆಯ ಸ್ವಿಚ್ಚಿನ ಮೇಲೆ ಕೈಯಿಟ್ಟು, ಆರಿಸಲೇನು ಎಂದು ಸನ್ನೆ ಮಾಡಿದೆ.

ಅವನು ಕೈ ನಿಲ್ಲಿಸದೆ, ಸೆರಗಿನ ಒಳಗಿಂದ ಮೆಲ್ಲಗೆ ಹೇಳಿದ:

"ಬ್ಯಾಡ್ರಿ ಕಾಕಾ. ಇನ್ನೊಂದು ಸ್ವಲ್ಪ ಬೈಲಿ. ಎರಡು ಮೊಲಿ ಉಳದಾವು."