ಅರ್ಧ ಮೀಸೆಯ ಸಂಶೋಧನೆ

ನಿಜಾಮರ ಕಾಲ. ತಾಂಡೂರಿನ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಅಂಗಡಿಯ ಖಿಜಾಬು ಬಣ್ಣ ಹಚ್ಚಿ ನರೆ ಮುಚ್ಚಿಕೊಂಡವರೆಲ್ಲ ತುರಿಸಿಕೊಳ್ಳುತ್ತ ಕೂರುವುದನ್ನು ನೋಡಿ ನೋಡಿ, ಚರ್ಮಕ್ಕೂ ಕೂದಲಿಗೂ ಹಿತವಾದ ಕಪ್ಪು ಬಣ್ಣವೊಂದನ್ನು ಶಾಸ್ತ್ರೀಯವಾಗಿ ಕಂಡುಹಿಡಿಯುವುದು ನನ್ನ ಕರ್ತವ್ಯವೆಂದು ತೀರ್ಮಾನಿಸಿದ್ದೆ. ನನ್ನಿಂದ ಆಗದೆ ಇನ್ಯಾರಿಂದ ಆದೀತು?

ಹೆಂಡತಿ ಅವಸರ ಹುಟ್ಟಿಸಿದಳು. "ನಾಡಿದ್ದು ಜಹೀರಾಬಾದಿನ ವಕೀಲರು ಮಗನ ಸಲುವಾಗಿ ಕಮಲಿನ್ನ ನೋಡಾಕ ಬರ್ತಾರ. ನಿಮ್ಮ ಬಿಳಿ ಮೀಸಿ ನೋಡಿದ್ರ ಹುಡುಗಿ ಅಣ್ಣ ಅನ್ನಂಗಿಲ್ಲ, ಅಜ್ಜ ಅಂತಾರ!"

ಕಮಲಿ ನನ್ನ ತಂಗಿ. ಅವಳಿಗೆ ಆಗಲೇ ಎರಡು ಸಂಬಂಧ ಬಂದು ತಪ್ಪಿದ್ದವು. ಇದೂ ತಪ್ಪಿದರೆ ಅಪ್ಪನ ಮುಖ ಹೇಗೆ ನೋಡಲಿ ಎಂಬ ಚಿಂತೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ.

ನೆಲ್ಲಿಪುಡಿ, ನೀಲಿ ಎಲೆ, ಮದರಂಗಿ ಅರೆದೆ. ಎರಡು ದಿನವಾದರೂ ಹದ ಬರಲಿಲ್ಲ. ಅವರು ಬರುವ ದಿನ ಬೆಳಿಗ್ಗೆ, ಬಣ್ಣ ಬೇಗ ಹಿಡಿಯಲೆಂದು ಮೈಲುತುತ್ತ, ಗಟ್ಟಿಯಾಗಿ ನಿಲ್ಲಲೆಂದು ಸುಣ್ಣ ಸೇರಿಸಿದೆ. ಅರ್ಧಕ್ಕೆ ಹಚ್ಚಬೇಕು, ಅರ್ಧ ಬಿಡಬೇಕು, ಆಮೇಲೆ ಹೋಲಿಸಬೇಕು. ಇದು ವಿಜ್ಞಾನದ ನಿಯಮ! ಬಲ ಮೀಸೆಗೆ ಹಚ್ಚಿ, ಎಡ ಮೀಸೆಯನ್ನು ಸಾಕ್ಷಿಗೆ ಬಿಟ್ಟೆ. ನೋಟುಬುಕ್ಕಿನಲ್ಲಿ ಬರೆದೆ: "ಪ್ರಯೋಗ ಒಂದು. ವಸ್ತು: ಸ್ವಂತ ಮೀಸೆ."

ಮೊದಲು ಉರಿಯಿತು. ಆಮೇಲೆ ತೊಳೆದೆ. ಮೀಸೆ ಹಸಿರಾಗಿತ್ತು!

"ಅಯ್ಯ ನನ್ನವ್ವ!" ಹೆಂಡತಿ ಬಾಯಿಗೆ ಸೆರಗು ಹಿಡಿದಳು. "ಅರ್ಧ ಮೀಸ್ಯಾಗ ಪಾಚಿ ಬೆಳೆದದಲ್ರಿ!"

ಸೀಗೆಕಾಯಿ, ಹುಣಸೆಹಣ್ಣು, ಸಬೂನು ಹಾಕಿ ತಿಕ್ಕಿದಷ್ಟೂ ಹಸಿರು ಹೊಳೆಯಿತು. ವಕೀಲರ ರೈಲುಗಾಡಿ ಬರಲು ಒಂದೇ ತಾಸು ಉಳಿದಿತ್ತು. ಅಪ್ಪ ತುಪ್ಪ ತರಲು ಪಕ್ಕದ ಊರು ಯಾಲಾಲಿಗೆ ಹೋಗಿದ್ದರು. ಬೈಯುವವರಿಲ್ಲವೆಂಬ ಧೈರ್ಯದಿಂದ, ಹೆಗಲ ಮೇಲಿನ ವಲ್ಲಿಯನ್ನು ಮುಖಕ್ಕೆ ಸುತ್ತಿಕೊಂಡು ಕ್ಷೌರದ ಪೋಚಯ್ಯನ ಬಳಿ ಓಡಿದೆ.

"ಪೂರಾ ತೆಗೀಲೇನ್ರಿ?" ಅವನು ಕತ್ತಿ ಕೆಳಗಿಟ್ಟ. "ನಿಮ್ಮಪ್ಪನೋರು ನಿನ್ನೆ ಚಂದಾಗೇ ಇದ್ರಲ್ರಿ..."

"ಮಾತು ಬ್ಯಾಡ, ತೆಗಿ!"

ಪೋಚಯ್ಯ ಕಣ್ಣೊರೆಸಿಕೊಳ್ಳುತ್ತಲೇ ಬೋಳಿಸಿದ. ನನ್ನ ಬಣ್ಣದ ಘಾಟಿಗೆ ಕಣ್ಣೀರು ಬಂದಿರಬೇಕೆಂದುಕೊಂಡೆ. ನಮ್ಮವರಲ್ಲಿ ತಂದೆ ತೀರಿಹೋದಾಗ ಮಾತ್ರ ಗಂಡಸು ಮೀಸೆ ತೆಗೆಸುತ್ತಾನೆ ಎಂಬುದು, ಆ ಗಾಬರಿಯಲ್ಲಿ, ಈ ವಿದ್ವಾಂಸನಿಗೆ ನೆನಪಾಗಲೇ ಇಲ್ಲ.

ನೆನಪಾದದ್ದು ಸ್ಟೇಷನ್ನಿನಲ್ಲಿ. ಗಾಡಿಯಿಂದ ಇಳಿದ ವಕೀಲರು ನನ್ನ ಮೇಲ್ದುಟಿ ನೋಡಿ, ತಲೆಯ ಪೇಟ ತೆಗೆದು ಕೈಯಲ್ಲಿ ಹಿಡಿದರು.

"ಸೂತಕದ ಮನ್ಯಾಗ ಹುಡುಗಿ ನೋಡೋದು ಬ್ಯಾಡ್ರಿ ಮಾಸ್ತರ. ಒಂದು ಸಮಾಧಾನದ ಮಾತು ಹೇಳಿ, ಸಂಜಿ ಗಾಡಿಗೆ ಹೊಂಡ್ತೀವಿ."

"ನಮ್ಮಪ್ಪ ಬದುಕ್ಯಾರ್ರಿ!"

ಅವರು ನನ್ನ ಬೆನ್ನು ಸವರಿದರು. "ದುಃಖದಾಗ ಹಂಗ ಅನಸ್ತದ."

ಮನೆಗೆ ಬಂದರೆ ಪೋಚಯ್ಯನ ಮಾತು ಕೇಳಿ ಓಣಿಗೆ ಓಣಿಯೇ ನೆರೆದಿತ್ತು. ರೇಷ್ಮೆ ಸೀರೆ ಉಟ್ಟ ಕಮಲಿಯನ್ನು ತಬ್ಬಿ ನಾಲ್ಕು ಮುದುಕಿಯರು ಅಳುತ್ತಿದ್ದರು. "ಇಲ್ರಿ, ಹಂಗೇನಿಲ್ರಿ!" ಎಂದು ನಾನೂ ಹೆಂಡತಿಯೂ ಎಷ್ಟು ಕೂಗಿದರೂ, ಪಾಪ, ತಲೆ ಕೆಟ್ಟಿದೆ ಎಂದು ಇನ್ನೂ ಜೋರಾಗಿ ಅತ್ತರು. ಕಮಲಿ ನನ್ನನ್ನು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ. ಮೂರನೆಯ ಸಂಬಂಧವನ್ನು ನಾನೇ ಕೈಯಾರೆ ಕೆಡಿಸಿದ್ದೆ.

ಅಷ್ಟರಲ್ಲಿ ಎತ್ತಿನ ಗಾಡಿ ನಿಂತಿತು. ತುಪ್ಪದ ಗಡಿಗೆ ಅಪ್ಪಿಕೊಂಡು ಅಪ್ಪ ಇಳಿದರು. ಒಬ್ಬ ಮುದುಕಿ ಚಿಟ್ಟನೆ ಚೀರಿದಳು.

"ಯಾರು ಹೋದ್ರೋ?" ಅಪ್ಪ ಗಾಬರಿಯಾಗಿ ಕೇಳಿದರು. ಎಲ್ಲರೂ ನನ್ನ ಮೂಗಿನ ಕೆಳಗೆ ನೋಡಿದರು. ಅಪ್ಪನೂ ನೋಡಿದರು.

"ನಾನಾ?"

ಹಸಿರು ಮೀಸೆಯ ಕಥೆಯನ್ನೆಲ್ಲ ಹೇಳಿದೆ. ವಕೀಲರಿಗೆ ಪುರಾವೆ ಬೇಕಾಯಿತು. ನೋಟುಬುಕ್ಕು ತಂದುಕೊಟ್ಟೆ. "ವಸ್ತು: ಸ್ವಂತ ಮೀಸೆ" ಎಂದು ಅದಾಲತ್ತಿನ ದನಿಯಲ್ಲಿ ಓದಿದವರು ಹೊಟ್ಟೆ ಹಿಡಿದು ನಕ್ಕರು. ಹುಡುಗಿಯನ್ನೂ ನೋಡಿದರು, ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು.

"ನಮ್ಮೂರಾಗ ಮಂದಿ ಕೇಳಿದ್ರ ನಾ ಏನ್ ಹೇಳ್ಲಿ? ನಿಮ್ಮ ಮೀಸಿ ಬಂದಮ್ಯಾಲೇ ಮುಹೂರ್ತ."

ಕಮಲಿಯ ಬದುಕು ನನ್ನ ಮೇಲ್ದುಟಿಗೆ ನೇತುಬಿತ್ತು! ದಿನಾ ಬೆಳಿಗ್ಗೆ ಅವಳೇ ಕನ್ನಡಿ ಹಿಡಿದು, "ಬಂತೇನಣ್ಣಾ?" ಎನ್ನುತ್ತಿದ್ದಳು. ಎಡಗಡೆ ಸೊಂಪಾಗಿ ಬಂತು. ಸುಣ್ಣದಿಂದ ಸುಟ್ಟ ಬಲಗಡೆ ಒಂದು ಎಳೆಯೂ ಹುಟ್ಟಲಿಲ್ಲ. ಕಾದು ಕಾದು ಕೊನೆಗೆ ಹೆಂಡತಿ, "ಬಂದದ ಅಂತ ಕಾಗದ ಬರೀರಿ, ಮುಂದಿಂದು ನನಗ ಬಿಡ್ರಿ," ಎಂದಳು. ಮದುವೆಯ ದಿನ ಕಾಡಿಗೆಯಿಂದ ಬಲ ಮೀಸೆ ಬರೆದು, ಎಡಗಡೆಯ ನರೆಗೂ ಅದನ್ನೇ ಸವರಿದಳು. ಸಂಶೋಧನೆಯಿಲ್ಲದ ಆ ಕಾಡಿಗೆ ನನ್ನ ಬಣ್ಣಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಅಕ್ಷತೆ ಬಿತ್ತು. ನಾನು ಉಸಿರು ಬಿಟ್ಟೆ. ಗಂಡನ ಮನೆಗೆ ಹೊರಟ ಕಮಲಿ ಕಾಲಿಗೆರಗಿದಾಗ ಮಾತ್ರ ಅಳು ತಡೆಯಲಾಗಲಿಲ್ಲ. ವಲ್ಲಿಯಿಂದ ಮುಖ ಒರೆಸಿಕೊಂಡೆ. ಬಲ ಮೀಸೆ ವಲ್ಲಿಗೆ ಬಂತು!

ವಕೀಲರು ಬಗ್ಗಿ ನೋಡಿದರು. "ಮಾಸ್ತರ, ಈ ಸಲ ಅರ್ಧ ಸೂತಕ ಏನ್ರಿ?"

ಬಿಕ್ಕುತ್ತಿದ್ದ ಕಮಲಿ ಬಿದ್ದು ಬಿದ್ದು ನಕ್ಕಳು. ತವರಿನಿಂದ ನಗುತ್ತ ಹೋದವಳು ನಮ್ಮ ಮನೆತನದಲ್ಲಿ ಅವಳೊಬ್ಬಳೇ. ಅಪ್ಪ ಮಾತ್ರ ನಗಲಿಲ್ಲ. ನನ್ನನ್ನು ಬದಿಗೆ ಕರೆದು, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೇಳಿದರು:

"ಲೇ, ನಾ ಖರೇನೇ ಸತ್ತಾಗ ತೆಗಸಾಕಾದ್ರೂ ನಿನಗ ಪೂರಾ ಮೀಸಿ ಇರ್ತದೇನೋ?"